ಇಳಿತ ಬೆಳಗ್ಗೆ 6:34ಕ್ಕೆ

15 ಮಾರ್ಚ್ 2025, ಶನಿವಾರ ರಾತ್ರಿ

ಎರಡೂ ಮೊಣಕಾಲು ತರಚಿದೆ, ಬಲಗಾಲಿನ ಹೆಬ್ಬೆರಳ ಹತ್ರ ಬ್ಲೇಡಲ್ಲಿ ಗೀರಿದ ಹಾಗೆ ನಾಲ್ಕು ಗೆರೆ, ಮೂಗಲ್ಲಿ ಇನ್ನೂ ಸಮುದ್ರದ ನೀರಿದೆ, ಬಗ್ಗಿದ್ರೆ ಸಾಕು ನಲ್ಲಿ ಬಿಟ್ಟ ಹಾಗೆ ಸುರಿಯತ್ತೆ. ಚಪ್ಪಲಿ ಒಂದು ಕಾಲಿಂದು ಮಾತ್ರ ವಾಪಸ್ ಬಂದಿದೆ. ಆದ್ರೂ ಖುಷಿಯಾಗಿದೀನಿ, ಮರೆಯೋಕೆ ಮುಂಚೆ ಬರ್ದು ಇಟ್ಬಿಡ್ತೀನಿ.

ಯಾವ ಬೀಚು ಅಂತ ಕೇಳ್ಬೇಡಿ, ಹೇಳಲ್ಲ. ಇದು ಸರ್ಫ್ ಮಾಡೋರ, ಅಂದ್ರೆ ಬೋರ್ಡ್ ಮೇಲೆ ನಿಂತು ಅಲೆ ಸವಾರಿ ಮಾಡೋರ, ಹಳೇ ಜಿಪುಣತನ, ಒಳ್ಳೆ ಜಾಗದ ಹೆಸರು ಬಾಯಿ ಬಿಡಲ್ಲ, ಬಿಟ್ರೆ ಮುಂದಿನ ವಾರ ಒಂದೊಂದು ಅಲೆಗೆ ಹತ್ತತ್ತು ಜನ ಜಗಳ ಆಡ್ತಿರ್ತಾರೆ. ರಸ್ತೆಯಿಂದ ಇಪ್ಪತ್ತು ನಿಮಿಷ ನಡೀಬೇಕು, ಬೋರ್ಡ್ ತಲೆ ಮೇಲೆ ಹೊತ್ಕೊಂಡು, ಗಾಳಿ ಬೀಸಿದ್ರೆ ಬೋರ್ಡ್ ಒಂದು ಕಡೆ ನಾವೊಂದು ಕಡೆ. ಅದಕ್ಕೇ ಜನ ಬರಲ್ಲ. ಮರಳಿನ ದಂಡೆ ಅರ್ಧಚಂದ್ರನ ಹಾಗೆ ಬಗ್ಗಿದೆ, ಒಂದು ತುದೀಲಿ ಕರೀ ಬಂಡೆಯ ಹಾಸು ಸಮುದ್ರದೊಳಗೆ ಚಾಚ್ಕೊಂಡಿದೆ, ಆ ಹಾಸಿನ ತುಂಬ ಹೊಂಡಗಳು. ನೀರು ಏರಿದ್ದಾಗ ಹೋದ್ರೆ ಅಲ್ಲಿ ಹೊಂಡ ಇದೆ ಅನ್ನೋದೇ ಗೊತ್ತಾಗಲ್ಲ.

ನಾವು ಮೂರು ಜನ. ಗೆಳೆಯ ಹದಿನೈದು ವರ್ಷದಿಂದ ಸರ್ಫ್ ಮಾಡ್ತಾನೆ, ನಾನು ಎರಡು ವರ್ಷದಿಂದ ಬೀಳ್ತಾ ಇದೀನಿ. ಮೂರನೆಯವನು ಅಕ್ಕನ ಮಗ, ಒಂಬತ್ತು ವರ್ಷ, ಅವನಿಗೆ ಅಲೆ ಗಿಲೆ ಏನೂ ಬೇಡ, ಏಡಿ ಬೇಕು.

ದಿನ ನೋಡಿ ಇಟ್ಕೊಂಡಿದ್ವಿ. ನಿನ್ನೆ ಹುಣ್ಣಿಮೆ. ಹುಣ್ಣಿಮೆ, ಅಮಾವಾಸ್ಯೆ ಆಗಿ ಒಂದೆರಡು ದಿನ ಸಮುದ್ರ ಏರೋದೂ ಜಾಸ್ತಿ, ಇಳಿಯೋದೂ ಜಾಸ್ತಿ, ಸೂರ್ಯ ಚಂದ್ರ ಒಂದೇ ಗೆರೇಲಿ ನಿಂತು ಎಳೆಯೋದ್ರಿಂದ. ಅದರಲ್ಲೂ ಮಾರ್ಚ್, ಸೆಪ್ಟೆಂಬರಲ್ಲಿ ಹಗಲು ರಾತ್ರಿ ಸಮ ಆಗೋ ಟೈಮಲ್ಲಿ ಇನ್ನೂ ಒಂದು ಕೈ ಮೇಲೆ. ಟೈಡ್ ಟೇಬಲ್ (ಭರತ, ಇಳಿತದ ಟೈಮ್ ಪಟ್ಟಿ) ಪ್ರಕಾರ ನೀರು ಪೂರ್ತಿ ಇಳಿಯೋದು 6:34ಕ್ಕೆ. ಅಲೆ ಒಂದು ಮೀಟರ್, ಪೀರಿಯಡ್ 13 ಸೆಕೆಂಡ್. ಎತ್ತರ ನೋಡ್ಬೇಡ, ಪೀರಿಯಡ್ ನೋಡು ಅಂತ ಗೆಳೆಯ ಯಾವಾಗ್ಲೂ ಬಡ್ಕೋತಾನೆ. ಒಂದು ಅಲೆಗೂ ಇನ್ನೊಂದಕ್ಕೂ ಆರು ಸೆಕೆಂಡ್ ಅಂತರ ಇದ್ರೆ ಅದು ಪಕ್ಕದಲ್ಲೇ ಬೀಸ್ತಿರೋ ಗಾಳಿ ಎಬ್ಬಿಸಿದ ಗಲಾಟೆ, ಹದಿಮೂರು ಅಂದ್ರೆ ಎಲ್ಲೋ ದೂರದ ಬಿರುಗಾಳಿಯಿಂದ ಹೊರಟು ದಾರೀಲಿ ಚಿಲ್ಲರೆ ಅಲೆಗಳನ್ನೆಲ್ಲ ಹಿಂದೆ ಬಿಟ್ಟು ಸಾಲಾಗಿ ಬರೋವು.

6:10ಕ್ಕೆ ತಲುಪಿದ್ವಿ. ಒಂದು ನರಪಿಳ್ಳೆ ಇಲ್ಲ. ನಿನ್ನೆ ರಾತ್ರಿ ನೀರು ಅಳಿಸಿ ಹೋದ ಮರಳಿನ ಮೇಲೆ ಹಕ್ಕಿ ಕಾಲಿನ ಗುರುತು ಬಿಟ್ರೆ ಒಂದು ಹೆಜ್ಜೆ ಇಲ್ಲ. ಗೆಳೆಯ ಬೋರ್ಡ್ ಕೆಳಗಿಟ್ಟು ಸುಮ್ನೆ ಕೂತ. ನೀರಿಗಿಳಿಯೋಕೆ ಮುಂಚೆ ಹತ್ತು ನಿಮಿಷ ಕೂತು ನೋಡ್ಬೇಕು ಅನ್ನೋದು ಅವನ ರೂಲು, ಸೆಟ್, ಅಂದ್ರೆ ದೊಡ್ಡ ಅಲೆಗಳ ಗುಂಪು, ಎಷ್ಟೊತ್ತಿಗೊಂದು ಬರ್ತಿದೆ, ಎಲ್ಲಿ ಒಡೀತಿದೆ, ನೀರು ಯಾವ ದಾರೀಲಿ ವಾಪಸ್ ಹೋಗ್ತಿದೆ. "ಲೈಫ್‌ಗಾರ್ಡ್ ಇಲ್ಲ ಮಗಾ, ನಮಗೆ ನಾವೇ" ಅಂದ. ನಾನು ಮೂರು ನಿಮಿಷ ಕೂತೆ. ಆಗಲ್ಲ ನಂಗೆ, ಖಾಲಿ ಸಮುದ್ರ ನೋಡಿದ್ರೆ ಕೈಕಾಲು ನಿಲ್ಲಲ್ಲ. ಬೋರ್ಡಿಗೆ ವ್ಯಾಕ್ಸ್ ತಿಕ್ದೆ, ಬೋರ್ಡ್ ಕೈಬಿಟ್ಟು ಹೋಗದಂಗೆ ಇರೋ ಹಗ್ಗ, ಲೀಶ್, ಕಾಲಿಗೆ ಕಟ್ಕೊಂಡೆ, ನೀನು ಇವನ್ನ ನೋಡ್ಕೊ, ಆಮೇಲೆ ನಿನ್ ಪಾಳಿ ಅಂತ ಹೇಳಿ ಓಡಿದೆ.

ಇಲ್ಲೇ ನಾನು ಪೆದ್ದ ಆಗಿದ್ದು. ಎಡಕ್ಕೂ ಬಲಕ್ಕೂ ಅಲೆ ಒಡೆದು ಬೆಳ್ಳಗೆ ನೊರೆ, ನಡುವೆ ಬಂಡೆ ಪಕ್ಕಕ್ಕೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಗೆ, ಅಲೆನೇ ಇಲ್ಲ. ನೊರೆ ಜೊತೆ ಗುದ್ದಾಡ್ಕೊಂಡು ಹೋಗೋದು ಯಾಕೆ, ಇಲ್ಲಿ ಆರಾಮಾಗಿ ಪ್ಯಾಡಲ್ ಮಾಡ್ಕೊಂಡು ಹೋಗ್ಬೋದಲ್ಲ ಅಂದ್ಕೊಂಡೆ. ಆರಾಮಾಗೇ ಹೋದೆ. ಆರಾಮು ಜಾಸ್ತಿನೇ ಆಯ್ತು, ಕೈ ಆಡಿಸದೇ ಇದ್ರೂ ಹೋಗ್ತಾ ಇದೀನಿ. ತಿರುಗಿ ನೋಡಿದ್ರೆ ಅಳಿಯನ ಕೆಂಪು ಟೋಪಿ ಕುಂಕುಮದ ಬೊಟ್ಟಿನಷ್ಟು ಆಗಿದೆ.

ರಿಪ್. ಅಲೆಗಳು ದಂಡೆಗೆ ತಂದು ಸುರಿದ ನೀರು ಎಲ್ಲಾದ್ರೂ ವಾಪಸ್ ಹೋಗ್ಲೇಬೇಕಲ್ಲ, ಮರಳಿನ ದಿಬ್ಬಗಳ ನಡುವೆ ಎಲ್ಲಿ ಆಳ ಇದೆಯೋ ಆ ಕಾಲುವೆ ಹಿಡ್ಕೊಂಡು ಹೊರಗೆ ಓಡತ್ತೆ, ಬಂಡೆ ಪಕ್ಕದಲ್ಲಂತೂ ಕಾಯಂ. ಆಳ ಇರೋದಕ್ಕೇ ಅಲ್ಲಿ ಅಲೆ ಒಡೆಯಲ್ಲ, ಅಲೆ ಒಡೆಯಲ್ಲ ಅಂತ ನಮ್ಮಂಥೋರಿಗೆ ಸೇಫ್ ಅನ್ಸತ್ತೆ. ನೀರು ಇಳಿದಾಗ ಅದರ ಜೋರು ಇನ್ನೂ ಜಾಸ್ತಿ. ಇದೆಲ್ಲ ನಂಗೆ ಗೊತ್ತು, ಓದಿದೀನಿ, ಬೇರೆಯವರಿಗೆ ಹೇಳಿಯೂ ಇದೀನಿ. ಆದ್ರೆ ಆ ಕ್ಷಣದಲ್ಲಿ ಮಾಡಿದ್ದೇನು? ಬೋರ್ಡ್ ದಂಡೆ ಕಡೆ ತಿರುಗಿಸಿ ನೇರ ಎದುರಿಗೆ ಪ್ಯಾಡಲ್ ಮಾಡಿದ್ದು! ಐದು ನಿಮಿಷ ಕೈ ಬಿದ್ದು ಹೋಗೋ ಹಾಗೆ ಮಾಡಿದೆ, ಟೋಪಿ ಒಂಚೂರೂ ದೊಡ್ಡದಾಗ್ಲಿಲ್ಲ. ಬಾಯಿ ಒಣಗ್ತು. ಜೋರಾದ ರಿಪ್ ಸೆಕೆಂಡಿಗೆ ಎರಡು ಮೀಟರ್ ದಾಟತ್ತೆ, ಒಲಿಂಪಿಕ್ಸ್ ಈಜುಗಾರನಿಗೂ ಅದರ ಎದುರು ಆಗಲ್ಲ, ಇದು ಅಷ್ಟೇನಿರಲಿಲ್ಲ, ಆದ್ರೆ ನಾನೂ ಒಲಿಂಪಿಕ್ಸ್ ಅಲ್ಲ.

ಗೆಳೆಯ ದಂಡೇಲಿ ನಿಂತು ಒಂದು ಕೈ ಚಾಚಿ ಪಕ್ಕಕ್ಕೆ ಪಕ್ಕಕ್ಕೆ ಅಂತ ತೋರಿಸ್ತಿದ್ದ, ಕೂಗಿದ್ದು ಕೇಳಿಸ್ತಿರಲಿಲ್ಲ. ಆಗ ಬುದ್ಧಿ ಬಂತು. ದಂಡೆಗೆ ಸಮಾನಾಂತರವಾಗಿ, ಬಂಡೆಯಿಂದ ದೂರಕ್ಕೆ, ನೊರೆ ಇರೋ ಕಡೆ ಹೊರಟೆ. ನಲವತ್ತು ಐವತ್ತು ಸಲ ಕೈ ಹಾಕಿರಬೇಕು ಅಷ್ಟೇ, ಕೆಳಗಿಂದ ಎಳೀತಿದ್ದದ್ದು ಬಿಟ್ಟುಹೋದಂಗಾಯ್ತು. ಹಿಂದಿನಿಂದ ಒಂದು ಸೆಟ್ ಬಂತು, ಮೊದಲನೇ ಅಲೆ ಬೋರ್ಡಿನ ಮೂತಿ ನೀರಿಗೆ ಚುಚ್ಚಿ ನನ್ನ ಲಾಗ ಹೊಡೆಸ್ತು (ಮೂಗಿನ ನೀರು ಆಗಿಂದು), ಎರಡನೇದ್ರ ಮೇಲೆ ಹೊಟ್ಟೆ ಮೇಲೆ ಮಲಗಿ ಮರಳಿನ ತನಕ ಬಂದೆ. ಎದ್ದು ನಿಂತು ಸವಾರಿ ಮಾಡೋ ಯೋಚನೆನೇ ಬರ್ಲಿಲ್ಲ.

"ಆ ಹತ್ತು ನಿಮಿಷ ಕೂತಿದ್ರೆ ಕಾಣ್ತಿತ್ತಲ್ಲೋ" ಅಂದ ಗೆಳೆಯ. ಅಷ್ಟೇ ಅಂದಿದ್ದು. ಆಮೇಲೆ ತನ್ನ ಬೋರ್ಡ್ ಎತ್ಕೊಂಡು ಅದೇ ಕಪ್ಪು ಪಟ್ಟೀಲಿ ಇಳಿದು, ರಿಪ್ ಮೇಲೆ ಬಸ್ ಹತ್ತಿದಂಗೆ ಪುಕ್ಕಟೆ ಹೊರಗೆ ಹೋದ, ಹೋಗಿ ಸರಿಯಾದ ಜಾಗದಲ್ಲಿ ಪಕ್ಕಕ್ಕೆ ಇಳ್ಕೊಂಡ. ಗೊತ್ತಿರೋರಿಗೆ ಅದು ಲಿಫ್ಟು. ಹೊಟ್ಟೆ ಉರೀತು.

ಅಷ್ಟರಲ್ಲಿ "ಮಾಮಾ, ಬೇಗ ಬಾ, ನೆರಳು ಬೀಳಿಸ್ಬೇಡ" ಅಂತ ಬಂಡೆ ಮೇಲಿಂದ ಆರ್ಡರ್. ಹೋಗಿ ಅವನ ಪಕ್ಕ ಬೋರಲು ಮಲಗಿದೆ. ಹೊಂಡ ಒಂದು ಹರಿವಾಣದಷ್ಟು ಅಗಲ, ಒಂದು ಗೇಣು ಆಳ. ಮೊದಲು ಏನೂ ಕಾಣಲ್ಲ. ಪಾಚಿ, ಕಲ್ಲು, ಒಂದಿಷ್ಟು ಚಿಕ್ಕ ಶಂಖ, ಅಷ್ಟೇ. ಎರಡು ನಿಮಿಷ ಅಲ್ಲಾಡದೆ ಇದ್ರೆ ಒಂದೊಂದೇ ಶುರುವಾಗತ್ತೆ. ಕಲ್ಲು ಅಂದ್ಕೊಂಡಿದ್ದು ಕಣ್ಣು ಹೊರಳಿಸಿತು, ಬೆರಳುದ್ದದ ಮೀನು. ಶಂಖ ಒಂದು ಎದ್ದು ನಡೆಯೋಕೆ ಹತ್ತಿತು, ಸನ್ಯಾಸಿ ಏಡಿ. ಹೆಸರಿಗೆ ಸನ್ಯಾಸಿ, ಆಸೆಗೆ ಮಿತಿ ಇಲ್ಲ ಅದಕ್ಕೆ, ಬೆಳೀತಾ ಹೋದಂಗೆ ದೊಡ್ಡ ಮನೆ ಬೇಕು. ನಾವು ನೋಡ್ತಿದ್ದಂಗೇ ಒಂದು ಖಾಲಿ ಶಂಖದ ಬಾಯೊಳಗೆ ಕೊಂಬು ಹಾಕಿ ಅಳತೆ ತಗೊಂಡಿತು, ಹೊರಳಿಸಿತು, ಮತ್ತೆ ಅಳತೆ, ಆಮೇಲೆ ಸರಕ್ಕಂತ ತನ್ನ ಬೆತ್ತಲೆ ಸೊಟ್ಟ ಹೊಟ್ಟೆ ಹೊರಗೆಳೆದು ಹೊಸ ಮನೆಗೆ ನುಗ್ಗಿತು. ಒಂದು ಸೆಕೆಂಡೂ ಹಿಡೀಲಿಲ್ಲ. ಬಿಟ್ಟ ಮನೆಗೆ ಇನ್ನೊಂದು ಸಣ್ಣದು ಆಗಲೇ ಹತ್ರ ಬಂದು ಕಾಯ್ತಿತ್ತು. ಅಳಿಯ ಉಸಿರು ಹಿಡ್ಕೊಂಡಿದ್ದ, ಆಮೇಲೆ ತಾನಾಗೇ ಜೇಬಿಗೆ ಕೈ ಹಾಕಿ ಬೆಳಗ್ಗಿಂದ ಆರಿಸಿಟ್ಕೊಂಡಿದ್ದ ಶಂಖಗಳನ್ನೆಲ್ಲ ಹೊಂಡದ ಅಂಚಲ್ಲಿ ಸಾಲಾಗಿ ಜೋಡಿಸಿದ. ದೊಡ್ಡದರಿಂದ ಚಿಕ್ಕದಕ್ಕೆ. ನಾನೇನೂ ಹೇಳಿರಲಿಲ್ಲ. (ಒಂದು ರೂಲು ಮಾತ್ರ ಮುಂಚೆನೇ ಹಾಕಿದ್ದೆ, ಐಸ್‌ಕ್ರೀಮ್ ಕೋನ್ ಆಕಾರದ ಚಂದದ ಶಂಖ ಕಂಡ್ರೆ ಮುಟ್ಟೋ ಹಾಗಿಲ್ಲ, ಜೀವ ಇರೋ ಕೋನ್ ಶಂಖ ವಿಷದ ಮುಳ್ಳು ಚುಚ್ಚತ್ತೆ, ಕೆಲವು ಜಾತೀದು ಮನುಷ್ಯರನ್ನ ಕೊಂದಿದೆ.)

ಸೀ ಅನಿಮೋನ್, ಬಂಡೆಗೆ ಅಂಟ್ಕೊಂಡು ಬದುಕೋ ಹೂವಿನಂಥ ಪ್ರಾಣಿ, ಎರಡು ರೂಪದಲ್ಲಿ ಸಿಕ್ತು. ನೀರಿನ ಹೊರಗಿದ್ದದ್ದು ಕೆಂಪು ಜೆಲ್ಲಿ ಗುಂಡಿ ಥರ ಮುದುಡಿ ಕೂತಿತ್ತು, ಹೊಂಡದೊಳಗಿದ್ದದ್ದು ಹೂವಿನ ಹಾಗೆ ಬಿಚ್ಚಿಕೊಂಡಿತ್ತು. ನಂಗೆ ಪರಿಚಯ ಇರೋ ಜಾತಿ, ಬೆರಳ ತುದಿ ತಾಗಿಸಿದೆ, ಸೆಲ್ಲೋಟೇಪ್ ಹಿಡ್ಕೊಂಡಂಗೆ ಜಿಗುಟು. ಅದು ಅಂಟಲ್ಲ, ಸಾವಿರಾರು ಸೂಕ್ಷ್ಮ ಬಾಣ ಬಿಡ್ತಾ ಇರತ್ತೆ, ನಮ್ಮ ಚರ್ಮ ದಪ್ಪ ಅಂತ ಬಚಾವು. ಗುರುತಿಲ್ಲದ್ದನ್ನ ಮುಟ್ಬಾರ್ದು, ಕೆಲವು ಜೋರಾಗೇ ಕುಟುಕತ್ತೆ.

ನನ್ನ ಕಾಲು ಕುಯ್ದಿದ್ದು ಬಾರ್ನಕಲ್. ಬಂಡೆ ತುಂಬ ಪುಟ್ಟ ಪುಟ್ಟ ಜ್ವಾಲಾಮುಖಿ ಥರ ಇರೋದು. ನೋಡಿದ್ರೆ ಶಂಖದ ಜಾತಿ ಅನ್ಸತ್ತೆ, ಆದ್ರೆ ಅದು ಏಡಿ ಸಿಗಡಿ ಸಂಬಂಧಿ, ಮರಿಯಾಗಿದ್ದಾಗ ಈಜಿ ಬಂದು ತಲೆ ಬಂಡೆಗೆ ಅಂಟಿಸ್ಕೊಂಡು ಸುತ್ತ ಗೋಡೆ ಕಟ್ಕೊಂಡು ಜೀವನ ಪೂರ್ತಿ ತಲೆಕೆಳಗಾಗಿ ನಿಂತು ಕಾಲಲ್ಲಿ ಊಟ ಬಾಚ್ಕೊಳ್ಳತ್ತೆ. ಚಾರ್ಲ್ಸ್ ಡಾರ್ವಿನ್ ಇದರ ಹಿಂದೆ 1846ರಿಂದ 1854ರ ತನಕ, ಎಂಟು ವರ್ಷ ಕಳೆದಿದ್ದ ಅಂದ್ರೆ ನಂಬಲ್ಲ. ನೀರೊಳಗೆ ಮುಳುಗಿದ್ದ ಒಂದನ್ನ ತೋರಿಸ್ದೆ, ಬಾಗಿಲು ತೆಗೆದು ರೆಪ್ಪೆಕೂದಲಿನಂಥ ಕಾಲು ಹೊರಗೆ ಬೀಸಿ ಒಳಗೆ ಎಳ್ಕೊಳ್ತಿತ್ತು, ಬೀಸಿ ಎಳೆದು, ಬೀಸಿ ಎಳೆದು. "ಮಾಮಾ, ಇದು ನಮಗೆ ಟಾಟಾ ಮಾಡ್ತಿದೆ" ಅಂದ. ಮೈ ಅಳತೆಗೆ ಹೋಲಿಸಿದ್ರೆ ಅತಿ ಉದ್ದದ ಜನನಾಂಗದ ದಾಖಲೆನೂ ಬಾರ್ನಕಲ್‌ದೇ, ಅದನ್ನ ಒಂಬತ್ತು ವರ್ಷದವನ ಮುಂದೆ ಹೇಳೋಕಾಗಲ್ಲ. ಲಿಂಪೆಟ್ ಬಗ್ಗೆ ಹೇಳ್ದೆ, ಬಂಡೆಗೆ ಟೋಪಿ ಇಟ್ಟಂಗೆ ಅಂಟ್ಕೊಂಡಿರತ್ತಲ್ಲ ಅದು. ನೀರು ಬಂದಾಗ ಎದ್ದು ಹೋಗಿ ಪಾಚಿ ಮೇಯ್ದು ಮತ್ತೆ ತನ್ನ ಜಾಗಕ್ಕೇ ವಾಪಸ್ ಬರತ್ತೆ, ಆ ಜಾಗದಲ್ಲಿ ಬಂಡೆ ಅದರ ಚಿಪ್ಪಿನ ಅಳತೆಗೆ ಸವೆದಿರತ್ತೆ. ಅದರ ಹಲ್ಲು ಜೇಡನ ನೂಲಿಗಿಂತ ಗಟ್ಟಿ ಅಂತ 2015ರಲ್ಲಿ ಬ್ರಿಟನ್ನಿನ ಸಂಶೋಧಕರು ಅಳೆದು ಹೇಳಿದ್ರು. ಇದಕ್ಕೆ ಅಳಿಯ ಇಂಪ್ರೆಸ್ ಆಗ್ಲಿಲ್ಲ. ಕಣ್ಣಿಗೆ ಕಾಣಬೇಕು ಅವನಿಗೆ.

ಕಲ್ಲು ಎತ್ತಿ ನೋಡಿದ್ರೆ ಮೊದಲು ಹೇಗಿತ್ತೋ ಹಾಗೇ ವಾಪಸ್ ಇಡಬೇಕು ಅನ್ನೋದನ್ನ ಅವನೇ ನಂಗೆ ನೆನಪಿಸ್ದ. ಅಡಿಮೇಲು ಬಿಟ್ರೆ ಕೆಳಗಿದ್ದ ಸಂಸಾರ ಎಲ್ಲ ಬಿಸಿಲಿಗೆ ಒಣಗತ್ತೆ.

ಟೈಮ್ ನೋಡ್ಲಿಲ್ಲ, ಅದೇ ಎರಡನೇ ತಪ್ಪು. ನೀರು ಒಂದೇ ಸ್ಪೀಡಲ್ಲಿ ಏರಲ್ಲ. ಇಳಿತ ಮುಗಿದ ಮೊದಲನೇ ಗಂಟೆ ಹನ್ನೆರಡರಲ್ಲಿ ಒಂದು ಪಾಲು, ಎರಡನೇ ಗಂಟೆ ಎರಡು ಪಾಲು, ಮೂರನೇ ನಾಲ್ಕನೇ ಗಂಟೆ ಮೂರು ಮೂರು ಪಾಲು, ಅಂದ್ರೆ ಆ ಎರಡು ಗಂಟೇಲೇ ಅರ್ಧ ಏರಿಬಿಡತ್ತೆ. ಇದು ಅಂದಾಜಿನ ಲೆಕ್ಕ, ಆದ್ರೆ ದಿನಕ್ಕೆರಡು ಭರತ ಬರೋ ಕಡೆ ಸಾಕು. ಎಂಟು ಗಂಟೆ ತನಕ ಏನೂ ಆಗಿಲ್ಲ ಅನ್ಸಿತ್ತು. ಒಂಬತ್ತು ಆಗ್ತಿದ್ದಂಗೆ ನಮ್ಮ ಹಿಂದೆ, ಬಂಡೆಗೂ ಮರಳಿಗೂ ನಡುವಿನ ತಗ್ಗಲ್ಲಿ ಮೊಣಕಾಲ ತನಕ ನೀರು, ಅಲ್ಲೇ ಕಲ್ಲಿನ ಮೇಲೆ ಬಿಟ್ಟಿದ್ದ ಚಪ್ಪಲೀಲಿ ಒಂದು ತೇಲ್ಕೊಂಡು ಹೋಗ್ತಾ ಇದೆ. ಹಿಡಿಯೋಕೆ ಹೋಗಿ ಪಾಚಿ ಮೇಲೆ ಜಾರಿ ಮೊಣಕಾಲೂರಿದೆ. ಅವನನ್ನ ಬೆನ್ನ ಮೇಲೆ ಕೂರಿಸ್ಕೊಂಡು ದಾಟಿದೆ. ಸಮುದ್ರದ ಕಡೆ ಬೆನ್ನು ಮಾಡ್ಬೇಡ ಅಂತ ಬೆಳಗ್ಗೆ ಅವನಿಗೆ ಹೇಳಿದ್ದು ನಾನೇ. ಅಕ್ಕನಿಗೆ ಈ ಭಾಗ ಹೇಳಿಲ್ಲ, ಅಕ್ಕ ಇದನ್ನ ಓದಲ್ಲ ಅಂತ ನಂಬಿದೀನಿ.

ಗೆಳೆಯ ನೀರಿಂದ ಬಂದಾಗ ಹತ್ತು ಗಂಟೆ, ಹನ್ನೆರಡು ಅಲೆ ಸಿಕ್ತಂತೆ, ಒಬ್ಬನೇ, ಯಾರ ಕಾಟವೂ ಇಲ್ಲ. ಬೋರ್ಡ್ ಕಂಕುಳಲ್ಲಿ ಇಟ್ಕೊಂಡು ನಮ್ಮ ಹೊಂಡ ಇದ್ದ ಕಡೆ ನೋಡ್ತಾ ಎಲ್ಲಿ ಅಂದ. ಅಳಿಯ ಕೈ ತೋರಿಸ್ದ. ಅಲ್ಲಿ ಅಲೆ ಒಡೀತಿತ್ತು. ಜೋಡಿಸಿದ ಶಂಖಗಳಿಗೆ ಯಾರು ಬಂದರೋ ಏನೋ ಅಂತ ದಾರಿ ತುಂಬ ಅದೇ ಯೋಚನೆ ಅವನಿಗೆ.

ಇಳಿತ ದಿನಕ್ಕೆ ಸರಾಸರಿ ಐವತ್ತು ನಿಮಿಷ ಲೇಟಾಗತ್ತೆ, ಹುಣ್ಣಿಮೆ ಆಸುಪಾಸಲ್ಲಿ ಸ್ವಲ್ಪ ಕಮ್ಮಿ. ನಾಳೆದು 7:12ಕ್ಕೆ ಅಂತಿದೆ ಟೇಬಲ್. ಅಳಿಯ ಮಲಗೋಕೆ ಮುಂಚೆ ಎರಡು ಸಲ ಕೇಳಿದ. ಅಲಾರಂ ಐದೂವರೆಗೆ ಇಟ್ಟಿದೀನಿ, ಇನ್ನೊಂದು ಒಂಬತ್ತಕ್ಕೆ, ವಾಪಸ್ ಬರೋದಕ್ಕೆ. ಬೋರ್ಡ್ ಮನೇಲೇ ಇರ್ಲಿ. ಚಪ್ಪಲಿ ಬದಲು ಹಳೇ ಶೂ ಹುಡುಕ್ಬೇಕು.