ಸಿರ್ ಕಿಸ್ನೆ ನೀಚೆ ಕಿಯಾ?

ಶನಿವಾರದಿಂದ ಒಂದೇ ಮಾತು ಕಿವಿಯಲ್ಲಿದೆ. "ಸಿರ್ ಕಿಸ್ನೆ ನೀಚೆ ಕಿಯಾ?" ತಲೆ ಯಾರು ಇಳಿಸಿದ್ದು ಅಂತ. ಇಳಿಸಿದ್ದು ನಾನೇ.

ಚಿಕ್ಕಪ್ಪನಿಗೆ ನ್ಯುಮೋನಿಯಾ ಜೋರಾಗಿ ಬಿಪಿ ಕುಸಿದಿತ್ತು. ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಿಂದ ಆಸ್ಪತ್ರೆಗೆ ಕರೆತರುವಷ್ಟರಲ್ಲಿ ಮಾತು ನಿಂತಿತ್ತು. ಕ್ಯಾಶುಯಲ್ಟಿಯಲ್ಲಿ ಕೂಡಲೇ ಬಾಯಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸಿದರು. ಆಮೇಲೆ ಹೇಳಿದರು, ಐಸಿಯುನಲ್ಲಿ ಬೆಡ್ ಇಲ್ಲ. ರಾತ್ರಿ 9ರಿಂದ ಮರುದಿನ ಮಧ್ಯಾಹ್ನ 3ರವರೆಗೆ ಕ್ಯಾಶುಯಲ್ಟಿಯ ಅದೇ ಟ್ರಾಲಿಯ ಮೇಲೆ.

ನಡುರಾತ್ರಿ ದಾಟಿತ್ತು. ಚಿಕ್ಕಪ್ಪನ ಕುತ್ತಿಗೆ ಒಂದು ಕಡೆ ವಾಲಿತ್ತು. ಪಾಪ, ನೆಟ್ಟಗೆ ಮಲಗಲಿ ಅಂತ ಪಕ್ಕದ ಹಿಡಿ ಒತ್ತಿ ಟ್ರಾಲಿಯ ತಲೆಭಾಗ ಪೂರ್ತಿ ಇಳಿಸಿದೆ. ಎರಡು ನಿಮಿಷವೂ ಆಗಿರಲಿಲ್ಲ, ಸಿಸ್ಟರ್ ಓಡಿ ಬಂದರು. "ಸಿರ್ ಕಿಸ್ನೆ ನೀಚೆ ಕಿಯಾ?"

"ಮೈನೆ," ಅಂದೆ.

ಬೈಯಲಿಲ್ಲ. ಮೊದಲು ತಲೆ ಮೇಲೆತ್ತಿದರು. ಟ್ಯೂಬ್ ಜರುಗಿಲ್ಲ ಅಂತ ನೋಡಿದರು. ಆಮೇಲೆ ಹೇಳಿದರು: ಟ್ಯೂಬ್ ಇದ್ದವರನ್ನು ಚಪ್ಪಟೆ ಮಲಗಿಸಿದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. 30 ಡಿಗ್ರಿಯಾದರೂ ಎತ್ತರ ಇರಬೇಕು. ಮೊದಲೇ ನ್ಯುಮೋನಿಯಾ, ಅದರ ಮೇಲೆ ನಾನು ಮಾಡಿದ ಕೆಲಸ ಅದು!

ಆಮೇಲೆ ರಾತ್ರಿಯಿಡೀ ಆ ಸಿಸ್ಟರ್ ಮಾಡುವುದನ್ನೇ ನೋಡುತ್ತಿದ್ದೆ. ಗಂಟೆಗೊಮ್ಮೆ ಮೂತ್ರದ ಚೀಲ ನೋಡಿ ಬರೆಯುತ್ತಿದ್ದರು. ಚಿಕ್ಕಪ್ಪ ಸುಮಾರು 60 ಕೆಜಿ, ಆ ತೂಕಕ್ಕೆ ಗಂಟೆಗೆ 30 ಎಂಎಲ್ ಆದರೂ ಬರಬೇಕಂತೆ. ಬಿಪಿ ಏರಿಸುವ ಔಷಧದ ಸಿರಿಂಜ್ ಖಾಲಿಯಾಗುವ ಮೊದಲೇ ಇನ್ನೊಂದು ರೆಡಿ. ಎರಡು ಗಂಟೆಗೊಮ್ಮೆ ಮಾವಶಿಯನ್ನು (ಇಲ್ಲಿ ಆಯಾಗೆ ಹಾಗನ್ನುತ್ತಾರೆ) ಕರೆದು ಮಗ್ಗುಲು ಬದಲಿಸುತ್ತಿದ್ದರು. ಬಾಯಿ ಒರೆಸುತ್ತಿದ್ದರು. ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದ ಒಬ್ಬರಿಗೆ ಒಬ್ಬ ನರ್ಸ್ ಇರಬೇಕು. ಇಲ್ಲಿ ಇವರಿಗೆ ಚಿಕ್ಕಪ್ಪನ ಜೊತೆ ಎದೆನೋವಿನವರು, ಆಕ್ಸಿಡೆಂಟಿನವರು, ಮಗು ಎತ್ತಿಕೊಂಡು ಅಳುತ್ತಾ ಬಂದವರು, ಎಲ್ಲರೂ.

ನಮ್ಮ ಭಾವ ಮಾತ್ರ ಬೆಳಗಿನವರೆಗೆ ಫೋನಿನಲ್ಲೇ ಇದ್ದರು. ಅವರು ಗೊತ್ತು, ಇವರು ಗೊತ್ತು ಅಂತ ಬೆಡ್‌ಗಾಗಿ. ಸಿಸ್ಟರ್ ಮೇಲೂ ಒಮ್ಮೆ ಕೂಗಾಡಿದರು. ನನಗದು ಚೂರೂ ಸರಿ ಕಾಣಲಿಲ್ಲ. ಬೆಡ್ ಕೊಡುವುದು ಅವರ ಕೈಯಲ್ಲಿತ್ತಾ? ಚಿಕ್ಕಪ್ಪನ ಕೈ ಹಿಡಿದು ಕೂತಿದ್ದರೆ ಚಿಕ್ಕಮ್ಮನಿಗಾದರೂ ಧೈರ್ಯ ಬರುತ್ತಿತ್ತು.

ಬೆಳಿಗ್ಗೆ ಡಾಕ್ಟರ್ ಹೇಳಿದ ಮೇಲೆ ನನಗೆ ವಿಷಯ ತಿಳಿಯಿತು. ಐಸಿಯುನಲ್ಲಿ ಒಬ್ಬರು ಸುಧಾರಿಸಿದ್ದಾರೆ, ಆದರೆ ಅವರಿಗೆ ವಾರ್ಡಿನಲ್ಲಿ ಜಾಗ ಇಲ್ಲ. ವಾರ್ಡಿನಲ್ಲಿ ಒಬ್ಬರು ಮನೆಗೆ ಹೊರಟು ಕೂತಿದ್ದಾರೆ, ಆದರೆ ಇನ್ಶೂರೆನ್ಸಿನ ಅಪ್ರೂವಲ್ ಬಂದಿಲ್ಲ. ಅಂದರೆ ಚಿಕ್ಕಪ್ಪ ಕಾಯುತ್ತಿದ್ದದ್ದು ಬಿಲ್ಲಿಂಗ್ ಕೌಂಟರಿನ ಒಂದು ಕಾಗದಕ್ಕೆ. ಜೀವ ಹೋಗಿ ಬರುವ ಹೊತ್ತಿನಲ್ಲಿ ಅದು ಬೇಗ ಆಗಬೇಕಲ್ವಾ? ಸಂಜೆ ಕೆಲಸ ಮುಗಿಸಿ ಹೋದವರು ಬೆಳಿಗ್ಗೆ ಬರುವವರೆಗೆ ಆ ಕಾಗದ ಅಲ್ಲೇ ಇರಬೇಕಾ? ಕೂಗಬೇಕಿದ್ದರೆ ಅಲ್ಲಿ ಕೂಗಬೇಕಿತ್ತು.

ಚಿಕ್ಕಪ್ಪ ಈಗ ಐಸಿಯುನಲ್ಲಿದ್ದಾರೆ. ಟ್ಯೂಬ್ ಇನ್ನೂ ಇದೆ. ಔಷಧ ಸ್ವಲ್ಪ ಕಡಿಮೆ ಮಾಡಿದ್ದಾರೆ. ಸಂಜೆ ಒಳಗೆ ಬಿಟ್ಟಾಗ ಮೊದಲು ತಲೆಭಾಗ ಎಷ್ಟು ಎತ್ತರ ಇದೆ ಅಂತ ನೋಡುತ್ತೇನೆ, ಆಮೇಲೆ ಮುಖ. ನಿನ್ನೆ ಇಳಿದು ಬರುವಾಗ ಕ್ಯಾಶುಯಲ್ಟಿಗೆ ಹೋಗಿದ್ದೆ. ಆ ಸಿಸ್ಟರ್ ಡ್ಯೂಟಿಯಲ್ಲಿ ಇರಲಿಲ್ಲ. ಯಾರನ್ನು ಕೇಳುವುದಕ್ಕೂ ನನಗೆ ಅವರ ಹೆಸರು ಗೊತ್ತಿಲ್ಲ.