ಕ್ರೂಸ್ ಹಡಗಿಗೆ ಕಸೂತಿ ಚೀಲ ಒಯ್ಯುವವರಿಗೆ

ಧಾರವಾಡದ ನಮ್ಮ ಓಣಿಯಲ್ಲಿ ಕಸೂತಿ ಹಾಕುವ ಹೆಂಗಸರು ಬಹಳ. ನಾವು ಕ್ರೂಸ್ ಹಡಗಿನಲ್ಲಿ ಹೋಗಿ ಬಂದೆವು ಎಂದು ಗೊತ್ತಾದ ಮೇಲೆ ಅವರು ಮೊದಲು ಕೇಳಿದ್ದು ಊಟದ ಬಗ್ಗೆ ಅಲ್ಲ, ಸಮುದ್ರದ ಬಗ್ಗೆಯೂ ಅಲ್ಲ. "ಅಲ್ಲಿ ನಾಕು ಪರ್ಸ್ ಮಾರಿದ್ರ ಟಿಕೆಟಿನ ರೊಕ್ಕ ಹೊಳ್ಳಿ ಬರತೈತೇನ್ರಿ?" ಬರುವುದಿಲ್ಲ. ಹಡಗಿನ ಮೇಲೆ ಪ್ರಯಾಣಿಕರು ಏನನ್ನೂ ಮಾರುವಂತಿಲ್ಲ. ಆದರೂ ಕಸೂತಿ ಚೀಲ ಬಿಟ್ಟು ಹೋಗಬೇಡಿ ಅಂತಲೇ ನಾನು ಹೇಳುವುದು. ಯಾಕೆ ಅಂತ ಮುಂದೆ ಬರೆದಿದ್ದೇನೆ.

ಬುಕಿಂಗ್ ಮಾಡುವಾಗ ನಾವು ಓದದೆ ಟಿಕ್ ಹಾಕುವ ಷರತ್ತುಗಳಿರುತ್ತವಲ್ಲ, ಹೆಚ್ಚಿನ ದೊಡ್ಡ ಕಂಪನಿಗಳಲ್ಲಿ ಈ ವಿಷಯ ಅಲ್ಲೇ ಬರೆದಿರುತ್ತದೆ. ಒಬ್ಬ ಪ್ರಯಾಣಿಕ ಇನ್ನೊಬ್ಬರ ಹತ್ತಿರ ವ್ಯಾಪಾರಕ್ಕೆ ಇಳಿಯಬಾರದು ಎಂದು ರಾಯಲ್ ಕೆರಿಬಿಯನ್‌ನಂಥ ಕಂಪನಿಯ ನಡತೆಯ ನಿಯಮದಲ್ಲಿ ನೇರವಾಗಿಯೇ ಇದೆ. ನಿಮ್ಮ ಹಡಗಿನ ನಿಯಮ ಏನು ಅಂತ ಏಜೆಂಟರಿಗೆ ಬರವಣಿಗೆಯಲ್ಲಿ ಕೇಳಿ. ನಾನು ಹಾಗೇ ಕೇಳಿದ್ದೆ, ಎರಡೇ ಸಾಲಿನ ಉತ್ತರ ಬಂತು: ಮಾರಾಟ ಇಲ್ಲ, ಕೈಕೆಲಸ ಮಾಡಿಕೊಳ್ಳಲು ಅಡ್ಡಿ ಇಲ್ಲ.

ಇದರಲ್ಲಿ ಅನ್ಯಾಯ ಏನೂ ಇಲ್ಲ. ಹಡಗಿನ ಒಳಗಿನ ಅಂಗಡಿಗಳನ್ನು ಎಷ್ಟೋ ಕಡೆ ಹೊರಗಿನ ಕಂಪನಿಗಳು ಗುತ್ತಿಗೆ ಹಿಡಿದು ನಡೆಸುತ್ತವೆ, ಮಾರಾಟದಲ್ಲಿ ಹಡಗಿನವರಿಗೂ ಪಾಲು ಹೋಗುತ್ತದೆ. ಚಿತ್ರಗಳ ಹರಾಜು ಕೂಡ ಹಾಗೆಯೇ. ಅಮೆರಿಕದ ಪಾರ್ಕ್ ವೆಸ್ಟ್ ಗ್ಯಾಲರಿ ಬಹಳಷ್ಟು ಹಡಗುಗಳಲ್ಲಿ ಅದನ್ನು ನಡೆಸುತ್ತದೆ. ಅಷ್ಟು ದುಡ್ಡು ಕೊಟ್ಟು ಅಂಗಡಿ ಇಟ್ಟವನ ಎದುರಿಗೆ ನಾವು ಸುಮ್ನೆ ಚಾಪೆ ಹಾಸಿ ಕೂತರೆ ಆಗುತ್ತದಾ? ಇನ್ನು ಸುಂಕದ ವಿಷಯ. ವಿದೇಶಿ ಮಾರ್ಗದ ಹಡಗುಗಳಲ್ಲಿ ಸುಂಕವಿಲ್ಲದ ಸಾಮಾನಿನ ಅಂಗಡಿಗಳು ಬಂದರಿನಲ್ಲಿ ನಿಂತಾಗ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತವೆ, ಸಮುದ್ರಕ್ಕೆ ಇಳಿದ ಮೇಲೇ ತೆಗೆಯುವುದು. ಅಂಗಡಿಯವರಿಗೇ ಇಷ್ಟು ಕಟ್ಟುಪಾಡು.

ಇನ್ನೊಂದು ಸಣ್ಣ ಸಂಗತಿ, ಆದರೆ ಇದೇ ಎಲ್ಲಕ್ಕಿಂತ ದೊಡ್ಡ ಅಡ್ಡಿ. ಹಡಗಿನಲ್ಲಿ ಹೆಚ್ಚಿನವರ ಕೈಯಲ್ಲಿ ನಗದು ಇರುವುದಿಲ್ಲ. ರೂಮಿನ ಬಾಗಿಲು ತೆಗೆಯುವ ಕಾರ್ಡಿಗೇ ಎಲ್ಲ ಖರ್ಚು ಬರೆದುಕೊಳ್ಳುತ್ತಾರೆ, ಕೊನೆಗೆ ಒಟ್ಟಿಗೆ ಬಿಲ್. ಸಮುದ್ರದ ನಡುವೆ ಮೊಬೈಲ್ ಸಿಗ್ನಲ್ ಇಲ್ಲ, ಇಂಟರ್ನೆಟ್ಟಿಗೆ ಬೇರೆ ದುಡ್ಡು. ಫೋನ್‌ಪೇ ಮಾಡಿ ಅನ್ನುವುದಕ್ಕೂ ಆಗುವುದಿಲ್ಲ.

ಹೋಗುವ ದಾರಿ ಹೇಳಿಬಿಡುತ್ತೇನೆ. ನಾವು ಹೋದದ್ದು ಮುಂಬೈ–ಗೋವಾ–ಮುಂಬೈ. ಹುಬ್ಬಳ್ಳಿಯವರಿಗೆ ಗೋವಾ ಪಕ್ಕದ ಮನೆ. ಅದನ್ನು ನೋಡಲು ಮುಂಬೈಗೆ ಹೋಗಿ ಹಡಗು ಹತ್ತುವುದು ಅಂದರೆ ನಮ್ಮ ಮಾವನವರು ಇವತ್ತಿಗೂ ನಗುತ್ತಾರೆ. ಹುಬ್ಬಳ್ಳಿಯಿಂದ ದಾದರ್ ಎಕ್ಸ್‌ಪ್ರೆಸ್ ಬೆಳಗಾವಿ, ಮಿರಜ್, ಪುಣೆ ಮೇಲೆ ಹೋಗುತ್ತದೆ. ರಾತ್ರಿಯೆಲ್ಲ ಪ್ರಯಾಣ. ದಾದರಿನಲ್ಲಿ ಇಳಿದು ಸಾಮಾನು ಹೊತ್ತು ಲೋಕಲ್ ರೈಲಿಗೆ ನುಗ್ಗುವ ಸಾಹಸ ಬೇಡ, ಟ್ಯಾಕ್ಸಿ ಹಿಡಿಯಿರಿ. ಹಡಗುಕಟ್ಟೆ ಇರುವುದು ಬ್ಯಾಲಾರ್ಡ್ ಪಿಯರ್ ಕಡೆ, ಸಿಎಸ್‌ಎಂಟಿ ನಿಲ್ದಾಣದಿಂದ ಹತ್ತಿರ. ಗದಗದವರಿಗೆ ಬಾಗಲಕೋಟೆ, ವಿಜಯಪುರ, ಸೊಲ್ಲಾಪುರದ ಮೇಲೆ ನೇರ ಮುಂಬೈ ಸಿಎಸ್‌ಎಂಟಿಗೇ ಹೋಗುವ ರೈಲಿದೆ, ಅದೇ ಒಳ್ಳೆಯದು. ಯಾವುದರಲ್ಲಿ ಹೋದರೂ ಒಂದು ದಿನ ಮುಂಚೆ ತಲುಪಿ. ರೈಲು ತಡವಾಯಿತು ಅಂತ ಹಡಗು ಕಾಯುವುದಿಲ್ಲ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಬಹಳ ಒರಟು, ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗುವುದು ಸುಖ. ಈ ಕಡಲಿನಲ್ಲಿ 2021ರಿಂದ ಓಡಾಡುತ್ತಿರುವ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರದ್ದು. ರೀಲ್ಸ್‌ನಲ್ಲಿ ಬರುವ ಇಪ್ಪತ್ತು ಮಹಡಿಯ ಹಡಗನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಬೇಡಿ.

ಈಗ ಚೀಲದ ವಿಷಯ. ಕಸೂತಿಯಷ್ಟು ಪ್ರಯಾಣಕ್ಕೆ ಒಗ್ಗುವ ಕೈಕೆಲಸ ಇನ್ನೊಂದಿಲ್ಲ. ಸೂಜಿ, ದಾರದ ಲಡಿ, ಒಂದು ತುಂಡು ಮ್ಯಾಟಿ ಬಟ್ಟೆ (ಎಳೆ ಎಣಿಸಲು ಬರುವ ದಪ್ಪ ನೇಯ್ಗೆಯದು), ಸಾಕು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದೂ ಬೇಡ, ಎಳೆ ಎಣಿಸಿಕೊಂಡೇ ಹಾಕುವುದು. (ನವಲಗುಂದದ ಜಮಖಾನೆ ಒಯ್ಯಲೇ ಅಂತ ಕೇಳಿದವರೂ ಇದ್ದಾರೆ. ಅವರಿಗೆ ನಾನು ಏನು ಹೇಳಲಿ.) ಕತ್ತರಿ ಚಿಕ್ಕದಿರಲಿ, ದಾರ ಕತ್ತರಿಸುವಷ್ಟು. ಅಲಗು ನಾಲ್ಕು ಇಂಚಿಗಿಂತ ಉದ್ದವಿದ್ದರೆ ಕೆಲವು ಕಂಪನಿಗಳು ಹಡಗಿನ ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತವೆ. ಸಾಮಾನನ್ನೆಲ್ಲ ಸ್ಕ್ಯಾನ್ ಮಾಡುತ್ತಾರೆ. ವಿಮಾನದಲ್ಲಿ ಮುಂಬೈಗೆ ಹೋಗುವವರು ಕತ್ತರಿಯನ್ನು ಕೈಚೀಲದಲ್ಲಿ ಇಡಬೇಡಿ, ಲಗೇಜಿಗೆ ಹಾಕಿ. ಇಸ್ತ್ರಿ ಪೆಟ್ಟಿಗೆ, ಮೇಣದಬತ್ತಿ, ಊದಿನಕಡ್ಡಿ ಹಡಗಿಗೆ ಸೇರಿಸುವುದಿಲ್ಲ, ಬೆಂಕಿಯ ಭಯ. ಹಾಗಾಗಿ ಇಳಕಲ್ ಸೀರೆ ಮಡಿಕೆ ಮುರಿಯದ ಹಾಗೆ ಇಟ್ಟುಕೊಳ್ಳಿ. ದೊಡ್ಡ ಸೂಟ್‌ಕೇಸನ್ನು ಕಟ್ಟೆಯಲ್ಲೇ ತೆಗೆದುಕೊಂಡು ಆಮೇಲೆ ರೂಮಿಗೆ ಕಳಿಸುತ್ತಾರೆ, ಅದು ಬರುವುದು ಸಂಜೆಯೂ ಆಗಬಹುದು. ಕಸೂತಿ, ಮಾತ್ರೆ, ಗುರುತಿನ ಚೀಟಿ ಇವು ಹೆಗಲ ಮೇಲಿನ ಚೀಲದಲ್ಲೇ ಇರಲಿ.

ಕೂರುವ ಜಾಗ ಹುಡುಕುವುದು ಮುಖ್ಯ. ಹತ್ತಿರದ ಸಣ್ಣ ವಸ್ತುವನ್ನೇ ನೋಡುತ್ತ ಕೂತರೆ ಹಡಗಿನ ತೊನೆದಾಟಕ್ಕೆ ತಲೆ ಸುತ್ತುತ್ತದೆ, ಎಳೆ ಎಣಿಸುವ ಕೆಲಸದಲ್ಲಂತೂ ಇನ್ನೂ ಜಾಸ್ತಿ. ಹಡಗಿನ ಮಧ್ಯಭಾಗ, ಕೆಳಗಿನ ಮಹಡಿ, ಕಿಟಕಿಯ ಪಕ್ಕ. ಅಲ್ಲಿ ಅಲುಗಾಟ ಕಡಿಮೆ. ಆಗಾಗ ತಲೆ ಎತ್ತಿ ದೂರದ ಸಮುದ್ರ ನೋಡಿ. ಗವಂತಿ ಹೊಲಿಗೆ ಹಾಕಿ, ಅದು ನೇರ ಗೆರೆ, ಕೈಗೆ ಸಲೀಸು. ನೇಗಿ, ಮೆಂತಿಯಂಥ ಬೇರೆ ಹೊಲಿಗೆ ಮನೆಗೆ ಬಂದು ಮಾಡಿ.

ನಮ್ಮ ವೈನಿ (ಅತ್ತಿಗೆ) ಹಾಗೇ ಕೂತು ಒಂದು ಗೋಪುರದ ಚಿತ್ತಾರ ತೆಗೆಯುತ್ತಿದ್ದರು. ಪುಣೆಯ ಕಡೆಯ ಒಬ್ಬರು ನಿಂತು ನೋಡಿದರು. ಬಟ್ಟೆ ತಿರುಗಿಸಿ ಹಿಂಬದಿ ನೋಡಿದರು. ಗಂಟೇ ಇಲ್ಲ, ಎರಡೂ ಕಡೆ ಒಂದೇ ಥರ! ಅಲ್ಲಿಂದ ಜನ ಸೇರಿದ್ದೇ ಸೇರಿದ್ದು. ಒಬ್ಬರು ಅಲ್ಲೇ ಪರ್ಸ್ ತೆಗೆದು ಎಷ್ಟು ಕೊಡಲಿ ಅಂದರು. ವೈನಿ ನನ್ನ ಮುಖ ನೋಡಿದರು. "ಇಲ್ಲೆ ಬ್ಯಾಡ್ರಿ, ಊರಿಗೆ ಹೋಗಿ ಫೋನ್ ಮಾಡ್ರಿ" ಅಂತ ನಾನೇ ಹೇಳಿದೆ. ಆಮೇಲೆ ಸ್ವಾಗತದ ಕೌಂಟರಿಗೆ ಹೋಗಿ, ಬಿಟ್ಟಿ ಕಲಿಸಲು ಒಂದು ಮೇಜು ಸಿಗುತ್ತದಾ ಎಂದು ಕೇಳಿದೆ. ಮಧ್ಯಾಹ್ನ ಖಾಲಿ ಇರುವ ಒಂದು ಮೂಲೆ ತೋರಿಸಿದರು. ಕಾಲೇಜು ಹುಡುಗಿಯರು ಒಂದು ಸಾಲು ಗವಂತಿ ಕಲಿತರು. ಒಬ್ಬಳು ತನ್ನ ಕರವಸ್ತ್ರಕ್ಕೇ ಹಾಕಿಕೊಂಡಳು.

ಯಾರಾದರೂ ತಾವಾಗಿ ಕೇಳಿದರೆ ನಂಬರ್ ಕೊಡುವುದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಊಟದ ಮೇಜುಗಳ ಮೇಲೆ ವಿಸಿಟಿಂಗ್ ಕಾರ್ಡ್ ಇಡುವುದು, ರೂಮಿನ ಬಾಗಿಲಿಗೆ ಬೆಲೆಪಟ್ಟಿ ಅಂಟಿಸುವುದು, ರೂಮಿಗೆ ಕರೆದು ಗುಟ್ಟಾಗಿ ಮಾರಾಟದ ಸೀರೆಯ ಮಡಿಕೆ ಬಿಚ್ಚಿ ತೋರಿಸುವುದು ಬೇಡ. ಅದೂ ವ್ಯಾಪಾರವೇ. ರೂಮು ಸ್ವಚ್ಛ ಮಾಡುವವರಿಗೆ, ಬಡಿಸುವವರಿಗೆ ಒಂದು ಬುಕ್‌ಮಾರ್ಕು, ಕೀ ಚೈನು ಉಡುಗೊರೆ ಕೊಡಿ, ಖುಷಿಪಡುತ್ತಾರೆ. ಟಿಪ್ಸ್ ಬದಲಿಗೆ ಅಲ್ಲ, ಟಿಪ್ಸ್ ಜೊತೆಗೆ.

ಗೋವಾದಲ್ಲಿ ಇಳಿದು ಮಾರೋಣ ಅನ್ನುವವರಿಗೆ: ಹಡಗು ನಿಲ್ಲುವುದು ವಾಸ್ಕೋ ಹತ್ತಿರದ ಮುರಗಾಂವದಲ್ಲಿ. ಅಂಜುನಾದ ಬುಧವಾರದ ಸಂತೆ ದೂರದ ಉತ್ತರ ಗೋವಾದಲ್ಲಿದೆ. ಇರುವ ಕೆಲವೇ ಗಂಟೆಯಲ್ಲಿ ಹೋಗಿ ಬರುವ ಹೊತ್ತಿಗೆ ಎದೆ ಬಡಿದುಕೊಳ್ಳುತ್ತದೆ. ಲೈಸನ್ಸ್ ಇಲ್ಲದೆ ಕಡಲ ದಂಡೆಯ ಮೇಲೆ ಮಾರಿದರೆ ದಂಡ. ನಮ್ಮ ಕಡೆಯ ಲಂಬಾಣಿ ಹೆಣ್ಣುಮಕ್ಕಳು ಎಷ್ಟೋ ವರ್ಷದಿಂದ ಅಲ್ಲಿ ಮಾರುತ್ತಿದ್ದಾರೆ, ಪೊಲೀಸರ ಕಾಟ ಎಷ್ಟು ಅಂತ ಅವರನ್ನೇ ಕೇಳಿ. ಸಂತೆಯೇ ಬೇಕಿದ್ದರೆ ಹುಬ್ಬಳ್ಳಿಯಿಂದ ಬಸ್ಸಿಗೆ ಹೋಗಿ, ಬಾಡಿಗೆ ಕೊಟ್ಟು ಕೂತುಕೊಳ್ಳಿ. ಅದು ಬೇರೆ ಪ್ರವಾಸ.

ಸಿಂಗಪುರದ ಕಡೆ ಕ್ರೂಸಿಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಸ್ವಂತಕ್ಕೆ ತಂದ ಸಾಮಾನಿಗೆ ಸಿಗುವ ರಿಯಾಯಿತಿ ಮಾರಾಟದ ಸಾಮಾನಿಗೆ ಅಲ್ಲಿ ಇಲ್ಲ, ಶೇ. 9 ಜಿಎಸ್‌ಟಿ ಕಟ್ಟಬೇಕು. ಒಂದೇ ಥರದ ಹತ್ತಿಪ್ಪತ್ತು ಚೀಲ ಸೂಟ್‌ಕೇಸಿನಲ್ಲಿ ಇದ್ದರೆ ಸ್ವಂತದ್ದು ಅಂದರೆ ಯಾರು ನಂಬುತ್ತಾರೆ? ಹಾವೇರಿಯ ಏಲಕ್ಕಿ ಹಾರ ಉಡುಗೊರೆಗೆ ಬಹಳ ಚಂದ, ಆದರೆ ಸಸ್ಯದ ವಸ್ತುಗಳಿಗೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ದೇಶದೊಳಗಿನ ಹಡಗಿಗೆ ಮಾತ್ರ ಒಯ್ಯಿರಿ.

ಮಾರಾಟಕ್ಕೆ ಬೇರೆ ದಾರಿಗಳಿವೆ. ಕೇಂದ್ರದ ಕರಕುಶಲ ಇಲಾಖೆ ಕೊಡುವ ಪೆಹಚಾನ್ ಗುರುತಿನ ಚೀಟಿ ಮಾಡಿಸಿಕೊಳ್ಳಿ, ಇಲಾಖೆಯ ಮೇಳಗಳಲ್ಲಿ ಮಳಿಗೆಗೆ ಅರ್ಜಿ ಹಾಕಲು ಅದು ಬೇಕಾಗುತ್ತದೆ. ಸ್ವಸಹಾಯ ಸಂಘದವರಿಗೆ ಸರಸ್ ಮೇಳಗಳಿವೆ. ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಮಷಿನ್ ಹೊಲಿಗೆಯನ್ನು ಕಸೂತಿ ಅಂತ ಮಾರುವವರ ಎದುರು ಅದನ್ನು ಧೈರ್ಯವಾಗಿ ಹೇಳಿ.

ಹಡಗಿನಲ್ಲಿ ಪರಿಚಯವಾದವರು ಊರಿಗೆ ಹೋದ ಮೇಲೆ ಫೋನ್ ಮಾಡುತ್ತಾರೆ, ಎಲ್ಲರೂ ಅಲ್ಲ. ವೈನಿಗೆ ಪುಣೆಯಿಂದ ಒಂದು ಸೀರೆಯ ಆರ್ಡರ್ ಬಂತು, ಕಪ್ಪು ಚಂದ್ರಕಾಳಿ. ಅರ್ಧ ದುಡ್ಡು ಮುಂಗಡ ತಗೊಳ್ಳಿ. ಎಷ್ಟು ತಿಂಗಳು ಬೇಕು, ಕೊರಿಯರ್ ಖರ್ಚು ಯಾರದು, ಒಗೆದರೆ ದಾರ ಬಣ್ಣ ಬಿಡುತ್ತದಾ, ಇಷ್ಟನ್ನೂ ವಾಟ್ಸ್ಯಾಪಿನಲ್ಲಿ ಬರೆದು ಕಳಿಸಿ, ಅವರು ಹೂಂ ಅಂದ ಮೇಲೇ ಸೂಜಿಗೆ ದಾರ ಪೋಣಿಸಿ.