ಬಾಲ ತುಂಡಾದ ಸಹಿ

ಫುಟ್‌ಬಾಲ್ ಆಟಗಾರರ ಚಿತ್ರ, ಸಹಿ ಇರೋ ಕಾರ್ಡುಗಳನ್ನ ಕೂಡಿಡ್ತೀನಿ. ಇವತ್ತು ಕೈಗೆ ಬಂದ ಕಾರ್ಡನ್ನ ಲೆನ್ಸ್ ಹಿಡಿದು ನೋಡ್ತಾ ಕೂತಿದ್ದೆ. ನಿವೃತ್ತ ಮಿಡ್‌ಫೀಲ್ಡರ್ ಒಬ್ಬನದು.

ಸಹಿ ಕಾರ್ಡ್ ಮೇಲೆ ಇಲ್ಲ, ಪಾರದರ್ಶಕ ಸ್ಟಿಕರ್ ಮೇಲಿದೆ. ಕಾರ್ಡ್ ಮಾಡೋ ಕಂಪನಿಯವರು ಆಟಗಾರರಿಗೆ ಸ್ಟಿಕರ್ ಹಾಳೆಗಳನ್ನ ಕಳಿಸಿ ರಾಶಿಗಟ್ಟಲೆ ಸಹಿ ಹಾಕಿಸ್ಕೊಂಡು, ಆಮೇಲೆ ಕಾರ್ಡಿಗೆ ಅಂಟಿಸ್ತಾರೆ. ಇವನ ಹೆಸರಿನ ಕೊನೆ ಅಕ್ಷರದ ಬಾಲ ಸ್ಟಿಕರ್ ಅಂಚಿಗೆ ಬಂದು ಕಚಕ್ ಅಂತ ನಿಂತಿದೆ. ಉಳಿದರ್ಧ ಗೆರೆ ಆ ಹಾಳೆ ಮೇಲೇ ಉಳಿದಿರಬೇಕು. ಪಾಪ, ತಾನು ಸಹಿ ಹಾಕಿದ ಕಾರ್ಡನ್ನ ಅವನು ನೋಡೇ ಇಲ್ವೇನೋ!

ಪಕ್ಕದಲ್ಲೇ ಗಾರ್ಡನ್ ಬ್ಯಾಂಕ್ಸ್ ಕಾರ್ಡ್ ಇಟ್ಟೆ. 1970ರ ವಿಶ್ವಕಪ್‌ನಲ್ಲಿ ಪೆಲೆ ಹೊಡೆದ ಹೆಡರನ್ನ ನೆಲಕ್ಕೆ ಬಿದ್ದು ಮೇಲಕ್ಕೆ ತಳ್ಳಿದನಲ್ಲ, ಅದೇ ಇಂಗ್ಲೆಂಡ್ ಗೋಲ್‌ಕೀಪರ್. ಇದು ನೇರ ಕಾರ್ಡ್ ಮೇಲೇ ಹಾಕಿದ ಸಹಿ. ಹೆಸರು ಪೂರ್ತಿ ಓದಕ್ಕಾಗತ್ತೆ. ಈಗಿನವರದು ಬಿಡಿ, ಒಂದು ಸುರುಳಿ, ಎರಡು ಗೀಟು, ಮುಗೀತು.

ಓರೆಯಾಗಿ ಬೆಳಕಿಗೆ ಹಿಡಿದರೆ ಶಾಯಿ ಬೇರೆ ಥರ ಮಿನುಗತ್ತೆ. ಒಂದು ಕಡೆ ಸ್ವಲ್ಪ ಒರೆಸಿದ ಗುರುತೂ ಇದೆ, ಒಣಗೋ ಮೊದಲೇ ಬೆರಳು ತಾಗಿರಬೇಕು.

ಬ್ಯಾಂಕ್ಸ್ 2019ರಲ್ಲಿ ಹೋದ.

ಆ ಬೆರಳು ಅವನದೋ, ಕಾರ್ಡ್ ಚಾಚಿ ನಿಂತಿದ್ದ ಯಾವನೋ ಅವಸರದ ಅಭಿಮಾನಿಯದೋ. ಅವನದೇ ಅಂದ್ಕೊಂಡು ಒಳಗಿಟ್ಟೆ.